ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ ಡಾ. ಒಟ್ಟೋ ಕೋನಿಗ್ಸ್‌ಬರ್ಗರ್

ಮಂಗಳೂರು, ಉಡುಪಿಗಳ ಕಡೆಯಿಂದ ನಾಗಪುರಕ್ಕೆ ಹೊಸದಾಗಿ ಬಂದ ಕನ್ನಡ ಸಂಸಾರವು ಮೊದಲನೆಯ ಬೇಸಗೆಯಲ್ಲಿ ತಪ್ಪದೆ ಮಾಡುವ ತಪ್ಪೊಂದುಂಟು. ಸೆಕೆ ತಡೆಯಲಾರದೆ ನಡುಹಗಲಿನಲ್ಲಿ ಮನೆಯ ಕಿಟಕಿಗಳನ್ನೆಲ್ಲ ತೆರೆದಿಡುವುದು. ಊರಿನಲ್ಲಿ ಅದೇ ಸರಿ. ಅಲ್ಲಿ ಕಡಲಿನ ಗಾಳಿ ಮನೆಯೊಳಗೆ ಹಾಯ್ದರೆ ಮೈಯ ಬೆವರು ಆರಿ ಜೀವಕ್ಕೆ ಹಿತವಾಗುತ್ತದೆ. ಇಲ್ಲಿಯಾದರೋ, ಮೇ ತಿಂಗಳಲ್ಲಿ ಉಷ್ಣತೆ ೪೫ ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ನಿಂತಿರುವಾಗ, ತೆರೆದ ಕಿಟಕಿಯಿಂದ ಒಲೆಯ ಬಾಯಿಯ ಝಳವೇ ಒಳಕ್ಕೆ ಬಡಿಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಕಿಟಕಿ ಮುಚ್ಚಿ ಪರದೆ ಎಳೆಯಬೇಕು, ಸಂಜೆ ನೆಲ ತಣಿದ ಮೇಲೆ ತೆರೆಯಬೇಕು ಎಂಬ ಪಾಠವನ್ನು ನೆರೆಮನೆಯ ಮರಾಠಿ ಅಜ್ಜಿಯಿಂದ ಕಲಿತ ಗೃಹಿಣಿಯರು ನಮ್ಮಲ್ಲಿ ಅನೇಕರಿದ್ದಾರೆ.

ಒಂದು ಊರಿನಲ್ಲಿ ವರವಾದ ಕಿಟಕಿ ಇನ್ನೊಂದು ಊರಿನಲ್ಲಿ ಶಿಕ್ಷೆಯಾಗುವುದೇಕೆ? ನೋಡಲು ಸಣ್ಣದಾದ ಈ ಪ್ರಶ್ನೆಯನ್ನೇ ಹಿಡಿದು ಜೀವಮಾನವೆಲ್ಲ ದುಡಿದ ವಿದ್ವಾಂಸರೊಬ್ಬರು ಒಂದು ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದ ನೌಕರರಾಗಿದ್ದರು. ಅವರು ಹುಟ್ಟಿದ್ದು ಜರ್ಮನಿಯಲ್ಲಿ; ತೀರಿಕೊಂಡದ್ದು ಇಂಗ್ಲೆಂಡಿನಲ್ಲಿ. ಆದರೆ ಅವರ ವಿದ್ಯೆ ಪಕ್ವವಾಗತೊಡಗಿದ್ದು ಕನ್ನಡ ನಾಡಿನಲ್ಲಿ. ಅವರೇ ಡಾ. ಒಟ್ಟೋ ಕೋನಿಗ್ಸ್‌ಬರ್ಗರ್. ವಾಸ್ತುಶಿಲ್ಪಿಗಳ ವಲಯದಲ್ಲಿ ಲೋಕಪ್ರಸಿದ್ಧವಾದ ಈ ಹೆಸರು ಕನ್ನಡಿಗರ ಮನೆಗಳಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೆನಿಸುತ್ತದೆ.

ಕೋನಿಗ್ಸ್‌ಬರ್ಗರರು ೧೯೦೮ನೆಯ ಇಸವಿ ಅಕ್ಟೋಬರ್ ೧೩ರಂದು ಬರ್ಲಿನ್ ನಗರದಲ್ಲಿ ಯೆಹೂದಿ ಮೂಲದ ವಿದ್ಯಾವಂತ ಮನೆತನದಲ್ಲಿ ಜನಿಸಿದರು. ಮುಂದೆ ೧೯೫೪ರಲ್ಲಿ ಭೌತವಿಜ್ಞಾನಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬಾಲಕನು ಬೆಳೆದ ಬರ್ಲಿನ್ ಒಂದು ಕಡೆ ರಾಜಮಹಲುಗಳ, ವಸ್ತುಸಂಗ್ರಹಾಲಯಗಳ ವೈಭವದ ನಗರ. ಇನ್ನೊಂದು ಕಡೆ ಕಾರ್ಖಾನೆಯ ಕೂಲಿಕಾರರ ಕತ್ತಲೆಗೂಡುಗಳ ನಗರ. ಐದೈದು ಅಂತಸ್ತಿನ ಬಾಡಿಗೆ ಮನೆಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ನಿಂತಿದ್ದುವು. ನಡುವಿನ ಅಂಗಳ ಎಷ್ಟಿರಬೇಕೆಂಬುದನ್ನು ೧೮೫೩ರ ಕಟ್ಟಡದ ಕಾಯಿದೆ ಗೊತ್ತುಮಾಡಿತ್ತು: ಉದ್ದ ೫.೩೪ ಮೀಟರ್, ಅಗಲವೂ ಅಷ್ಟೇ. ಬೆಂಕಿ ಆರಿಸುವ ಪಂಪಿನ ಗಾಡಿ ತಿರುಗಿಕೊಳ್ಳಲು ಬೇಕಾದಷ್ಟು ಜಾಗವದು. ಮಗುವಿಗೆ ಬಿಸಿಲು ಬೀಳುತ್ತದೆಯೇ, ಕ್ಷಯರೋಗಿಗೆ ಗಾಳಿ ಸಿಗುತ್ತದೆಯೇ ಎಂಬ ಲೆಕ್ಕ ಆ ಕಾಯಿದೆಯಲ್ಲಿರಲಿಲ್ಲ. ಆದರೆ ಬೀದಿಯ ಕಡೆಯ ಗೋಡೆಗೆ ಮಾತ್ರ ಗಾರೆಯ ಹೂಬಳ್ಳಿ, ಸಿಂಹಮುಖ, ಕಂಬ ಕಮಾನುಗಳ ಅಲಂಕಾರ ಧಾರಾಳವಾಗಿರುತ್ತಿತ್ತು.

ಮುಂದೆ ಬೆಡಗು, ಹಿಂದೆ ಕತ್ತಲೆ. ಈ ವಂಚನೆಯನ್ನು ಕಂಡು ಮನನೊಂದವರ ಚಿಂತನೆಯಿಂದಲೇ ಆಧುನಿಕ ವಾಸ್ತುಶಿಲ್ಪ ಹುಟ್ಟಿತೆಂದರೆ ತಪ್ಪಾಗಲಾರದು. ಅದರ ತತ್ತ್ವಗಳನ್ನು ಮೂರು ಮಾತಿನಲ್ಲಿ ಹೇಳಬಹುದು: ಸತ್ಯ, ಉಪಯೋಗ, ಸಮತೆ.

ಸತ್ಯವೆಂದರೆ, ಕಟ್ಟಡವು ತಾನಲ್ಲದ್ದನ್ನು ನಟಿಸಬಾರದು. ಇಟ್ಟಿಗೆಯ ಗೋಡೆಗೆ ಬಣ್ಣ ಬಳಿದು ಅಮೃತಶಿಲೆಯೆಂದು ತೋರಿಸುವುದು ಸುಳ್ಳು ಹೇಳಿದಂತೆಯೇ ಸರಿ ಎಂದು ಇಂಗ್ಲೆಂಡಿನ ಜಾನ್ ರಸ್ಕಿನ್ ೧೮೪೯ರಷ್ಟು ಹಿಂದೆಯೇ ವಾದಿಸಿದ್ದರು. ಉಪಯೋಗವೆಂದರೆ, ಕಟ್ಟಡದ ಆಕಾರ ಅದರ ಕೆಲಸದಿಂದ ಹುಟ್ಟಬೇಕು. ಅಮೆರಿಕೆಯ ಲೂಯಿ ಸಲಿವನ್ ೧೮೯೬ರಲ್ಲಿ ಈ ಸಿದ್ಧಾಂತವನ್ನು ಸ್ಪಷ್ಟವಾಗಿ ಮಂಡಿಸಿದರು. ವಿಯೆನ್ನಾದ ಅಡಾಲ್ಫ್ ಲೂಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಡದ ಅಲಂಕಾರವು ಕೂಲಿಗಾರನ ದುಡಿಮೆಯನ್ನೂ ಸಾಮಗ್ರಿಯನ್ನೂ ಹಾಳುಮಾಡುವ ದುಂದುಗಾರಿಕೆ ಎಂದು ಸಾರಿದರು. ಮೂರನೆಯದಾದ ಸಮತೆಯೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿಯವರೆಗೆ ವಾಸ್ತುಶಿಲ್ಪಿಯ ವಿದ್ಯೆ ದೇವಾಲಯ, ಅರಮನೆ, ನ್ಯಾಯಾಲಯಗಳಿಗೆ ಮೀಸಲಾಗಿತ್ತು. ಇನ್ನು ಮುಂದೆ ಬಡವನ ಅಡಿಗೆಮನೆಯೂ ಆ ವಿದ್ಯೆಗೆ ತಕ್ಕ ವಿಷಯ ಎಂದು ಹೊಸಬರು ಹೇಳಿದರು. ೧೯೦೭ರಲ್ಲಿ ಸ್ಥಾಪನೆಯಾದ ಜರ್ಮನ್ ವೆರ್ಕ್‌ಬುಂಡ್ ಎಂಬ ಸಂಘವೂ ೧೯೧೯ರಲ್ಲಿ ವಾಲ್ಟರ್ ಗ್ರೋಪಿಯಸ್ ಅವರು ತೆರೆದ ಬೌಹೌಸ್ ಶಾಲೆಯೂ ಈ ಚಿಂತನೆಯನ್ನು ಕೈಕಸಬಿಗೂ ಯಂತ್ರಕ್ಕೂ ಹೊಂದಿಸಲು ಹೊರಟುವು.

ತರುಣ ಕೋನಿಗ್ಸ್‌ಬರ್ಗರರು ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಹಾನ್ಸ್ ಪೋಲ್ಜಿಗ್, ಹೈನ್ರಿಷ್ ಟೆಸೆನೋ, ಬ್ರೂನೋ ಟೌಟ್ ಮೊದಲಾದ ಘಟಾನುಘಟಿಗಳು ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಟೌಟರು ಬರ್ಲಿನ್ನಿನ ಹೊರವಲಯದ ಬ್ರಿಟ್ಸ್ ಎಂಬಲ್ಲಿ ಮಾರ್ಟಿನ್ ವಾಗ್ನರ್ ಅವರೊಡನೆ ಕಟ್ಟಿಸಿದ ಬಡಾವಣೆ ವಿದ್ಯಾರ್ಥಿಗಳ ಕಣ್ಣೆದುರಿಗೇ ಇದ್ದಿತು. ಕೊಳವೊಂದನ್ನು ಬಳಸಿ ಕುದುರೆಯ ಲಾಳದಂತೆ ಬಾಗಿದ ಮನೆಗಳ ಸಾಲು. ಒಟ್ಟು ಎರಡು ಸಾವಿರದಷ್ಟು ಮನೆಗಳು. ಒಂದೊಂದಕ್ಕೂ ಬೆಳಕು, ಗಾಳಿ, ಕಣ್ಣಿಗೆ ಹಸುರು. ಶಿಲ್ಪಿಯು ಮನಸ್ಸು ಮಾಡಿದರೆ ಕೂಲಿಕಾರನಿಗೂ ಮರ್ಯಾದೆಯ ಮನೆ ಕೊಡಬಹುದೆಂಬುದು ಅಲ್ಲಿ ಪ್ರತ್ಯಕ್ಷವಾಗಿ ಸಿದ್ಧವಾಗಿತ್ತು. ಈ ನಂಬಿಕೆಯನ್ನೇ ಉಂಡು ಬೆಳೆದ ಕೋನಿಗ್ಸ್‌ಬರ್ಗರರಿಗೆ ೧೯೩೩ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ, ವಾಸ್ತುಶಿಲ್ಪಕ್ಕಾಗಿ ಕೊಡುವ ಷಿಂಕೆಲ್ ಪಾರಿತೋಷಕ ದೊರೆಯಿತು.

ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿ ಮೂಲದವರಿಗೆ ಸರಕಾರಿ ಕೆಲಸವಿಲ್ಲವೆಂದು ಕಾನೂನಾಯಿತು. ಬೌಹೌಸ್ ಶಾಲೆ ಮುಚ್ಚಿತು. ಪಾರಿತೋಷಕ ಕೊಟ್ಟ ದೇಶವೇ ತರುಣನಿಗೆ ಬಾಗಿಲು ಹಾಕಿತು. ದೇಶಬಿಟ್ಟ ಕೋನಿಗ್ಸ್‌ಬರ್ಗರರು ಈಜಿಪ್ಟಿನ ಕೈರೋ ನಗರವನ್ನು ಸೇರಿ, ಪುರಾತನ ಶೋಧಕರಾದ ಲುಡ್ವಿಗ್ ಬೋರ್ಖಾರ್ಟ್ ಅವರ ಕೈಕೆಳಗೆ ದುಡಿದರು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಕಟ್ಟುತ್ತಿದ್ದರೆಂಬುದು ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಅದು ೧೯೩೬ರಲ್ಲಿ ಅಚ್ಚಾಯಿತು. ಹೊಸದರ ಹುರುಪಿನಲ್ಲಿ ಹಳೆಯದನ್ನೆಲ್ಲ ಅಲ್ಲಗಳೆಯುತ್ತಿದ್ದ ಪೀಳಿಗೆಯ ಈ ತರುಣನು, ಮರುಭೂಮಿಯ ಅಂಚಿನಲ್ಲಿ ಕುಳಿತು ಸಾವಿರಾರು ವರ್ಷಗಳ ಹಿಂದಿನ ಬಡಗಿಯೊಬ್ಬನು ಬಾಗಿಲನ್ನು ಹೇಗೆ ನಿಲ್ಲಿಸಿದನೆಂದು ವಿನಯದಿಂದ ಅಭ್ಯಸಿಸಬೇಕಾಗಿ ಬಂದಿತು. ಅವರ ಬಾಳಿನ ಎರಡನೆಯ ವಿದ್ಯಾಭ್ಯಾಸ ಇದು.

ಮೂರನೆಯದು ಮೈಸೂರಿನಲ್ಲಿ ನಡೆಯಿತು. ಜರ್ಮನಿಯಿಂದ ಹೊರದೂಡಲ್ಪಟ್ಟ ಮ್ಯಾಕ್ಸ್ ಬಾರ್ನರನ್ನು ಸರ್ ಸಿ. ವಿ. ರಾಮನ್ ಅವರು ೧೯೩೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ, ಎಂದರೆ ನಮ್ಮವರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಬರಮಾಡಿಕೊಂಡಿದ್ದರು. ಕೆಲವು ತಿಂಗಳು ಅಲ್ಲಿದ್ದ ಬಾರ್ನರಿಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಯಿತು. ಆ ಪರಿಚಯದ ಎಳೆ ಹಿಡಿದು ಸೋದರಳಿಯನು ೧೯೩೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಿಳಿದನು. ನೆಲೆಯಿಲ್ಲದವನಿಗೆ ನೆಲೆ ಕೊಟ್ಟದ್ದು ಕನ್ನಡ ನಾಡು.

ಬಂದವರಿಗೆ ಕೆಲಸ ಸುಲಭವಾಗಿರಲಿಲ್ಲ. ಮಿರ್ಜಾ ಸಾಹೇಬರು ಸೌಂದರ್ಯೋಪಾಸಕರು. ವೃತ್ತಗಳು, ಉದ್ಯಾನಗಳು, ದೀಪಗಳು, ಗುಮ್ಮಟಗಳು ಅವರಿಗೆ ಪ್ರಿಯ. ಬೃಂದಾವನ ತೋಟವನ್ನು ನೋಡಿದವರಿಗೆ ಅವರ ಅಭಿರುಚಿಯನ್ನು ಬೇರೆ ಹೇಳಬೇಕಾಗಿಲ್ಲ. ಜನರ ಮನಸ್ಸಿನಲ್ಲಿಯೂ ಭವ್ಯ ಕಟ್ಟಡವೆಂದರೆ ೧೯೧೨ರಲ್ಲಿ ಪೂರ್ಣಗೊಂಡ ಮೈಸೂರಿನ ಅರಮನೆಯ ಚಿತ್ರವೇ ನಿಂತಿತ್ತು. ಅಲಂಕಾರ ಬೇಡವೆಂಬ ಪಾಠ ಕಲಿತು ಬಂದ ಬರ್ಲಿನ್ನಿನ ಶಿಲ್ಪಿಗೆ ಗುಮ್ಮಟ ಬರೆಯುವ ಆಜ್ಞೆ! ಕೋನಿಗ್ಸ್‌ಬರ್ಗರರು ಹಟಮಾರಿತನ ಮಾಡಲಿಲ್ಲ. ಎಲ್ಲಿ ಬಾಗಬಹುದೋ ಅಲ್ಲಿ ಬಾಗಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅಂಥ ಸಂಧಾನದ ಕಾಲದ್ದು. ಆದರೆ ನಕ್ಷೆಯ ಒಳಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂಬುದನ್ನು ಕೇಳುವುದನ್ನು ಮಾತ್ರ ಅವರು ಬಿಡಲಿಲ್ಲ.

ಇಲ್ಲಿಯೇ ಅವರಿಗೆ ಒಂದು ದೊಡ್ಡ ಸಂಗತಿ ಹೊಳೆಯತೊಡಗಿತು. ಯುರೋಪಿನ ಹೊಸ ಶಿಲ್ಪಿಗಳು ದೊಡ್ಡ ಗಾಜಿನ ಕಿಟಕಿಯನ್ನು ಪ್ರೀತಿಸಿದರು. ಅದಕ್ಕೆ ಕಾರಣವುಂಟು: ಅವರ ನಾಡಿನಲ್ಲಿ ಬಿಸಿಲೇ ಅಪರೂಪ. ವರ್ಷದ ಬಹುಭಾಗ ಮಬ್ಬು ಕವಿದ ಊರಿನಲ್ಲಿ ಬಿಸಿಲನ್ನು ಮನೆಯೊಳಕ್ಕೆ ಕರೆಯುವುದೇ ಧರ್ಮ. ನಮ್ಮಲ್ಲಿ ಬಿಸಿಲನ್ನು ಹೊರಗೇ ನಿಲ್ಲಿಸಿ ಬೆಳಕನ್ನು ಮಾತ್ರ ಒಳಕ್ಕೆ ಬಿಡಬೇಕು. ತೊಟ್ಟಿಮನೆಯ ನಡುವಿನ ಅಂಗಳ, ಅದರ ಸುತ್ತಲಿನ ಪಡಸಾಲೆ, ಬೀದಿಯ ಜಗಲಿ, ಇಳಿಬಿದ್ದ ಸೂರು, ಕಲ್ಲಿನ ಜಾಲಂಧ್ರ, ಇವೆಲ್ಲವೂ ಆ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತ ಬಂದಿವೆ. ಹಾಗಾದರೆ ಬರ್ಲಿನ್ನಿನ ಗಾಜಿನ ಗೋಡೆಯನ್ನು ತಂದು ಬೆಂಗಳೂರಿನಲ್ಲಿ ನಿಲ್ಲಿಸಿದವನು ಆಧುನಿಕನೇ? ಅವನು ಹೊಸ ವಾಸ್ತುಶಿಲ್ಪದ ರೂಪವನ್ನು ನಕಲುಮಾಡಿ ಅದರ ತತ್ತ್ವಕ್ಕೆ ದ್ರೋಹ ಬಗೆದವನು. ಗಾಜು ಅಲ್ಲಿ ಉಪಯೋಗ. ಇಲ್ಲಿ ಅದೇ ಹೊಸ ಬಗೆಯ ಅಲಂಕಾರ! ಸತ್ಯ, ಉಪಯೋಗ, ಸಮತೆಗಳ ಜೊತೆಗೆ ನಾಲ್ಕನೆಯದೊಂದು ಸೇರಬೇಕಾಯಿತು. ಅದೇ ಸ್ಥಳ: ಆ ನೆಲದ ಬಿಸಿಲು, ಮಳೆ, ಗಾಳಿ, ಸಾಮಗ್ರಿ ಮತ್ತು ಜನರ ನಡೆನುಡಿ.

ತಾತಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಕೋನಿಗ್ಸ್‌ಬರ್ಗರರು ರಚಿಸಿದ ಕಟ್ಟಡಗಳಲ್ಲಿ ಈ ವಿವೇಕವನ್ನು ಕಾಣಬಹುದು. ಎರಡನೆಯ ಮಹಾಯುದ್ಧದ ಕಾಲವದು. ಉಕ್ಕು, ಸಿಮೆಂಟುಗಳಿಗೆ ಬರ. ೧೯೪೨ರ ಡಿಸೆಂಬರಿನಲ್ಲಿ ಆರಂಭವಾದ ವಿಮಾನ ಶಾಸ್ತ್ರದ ವಿಭಾಗಕ್ಕೆ, ಬಳಿಕ ಲೋಹವಿಜ್ಞಾನದ ವಿಭಾಗಕ್ಕೆ, ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣಕ್ಕೆ ಅವರು ನಕ್ಷೆ ಹಾಕಿದರು. ಅದೇ ಆವರಣದ ಹಳೆಯ ಮುಖ್ಯ ಕಟ್ಟಡ ಗೋಪುರವೆತ್ತಿ ಗಂಭೀರವಾಗಿ ನಿಂತಿದೆ. ಇವು ಅಂಥ ಠೀವಿಯಿಲ್ಲದೆ ಮರಗಳ ನಡುವೆ ಸರಳವಾಗಿವೆ. ಗಾಳಿ ಅಡ್ಡಹಾಯುವಂತೆ ಅಗಲ ಕಡಿಮೆಮಾಡಿ ಉದ್ದಕ್ಕೆ ಚಾಚಿದ ರಚನೆ, ಬಿಸಿಲಿಗೆ ಕೊಡೆ ಹಿಡಿದಂತೆ ಮೊಗಸಾಲೆ, ಕಿಟಕಿಯ ಮೇಲೆ ಸಜ್ಜೆ. ನೋಡಿ ಬೆರಗಾಗುವುದಕ್ಕಿಂತ ಒಳಗೆ ಕುಳಿತು ಕೆಲಸ ಮಾಡುವವರಿಗೆ ಅವುಗಳ ಬೆಲೆ ತಿಳಿಯುತ್ತದೆ.

ಮೈಸೂರಿನಲ್ಲಿದ್ದಾಗಲೇ ಅವರ ಕೀರ್ತಿ ಹೊರಕ್ಕೆ ಹಬ್ಬಿತು. ೧೯೪೪-೪೫ರಲ್ಲಿ ಟಾಟಾ ಕಂಪನಿಯವರಿಗಾಗಿ ಜಮ್‌ಶೇಡ್‌ಪುರದ ಬೆಳವಣಿಗೆಯ ಯೋಜನೆಯನ್ನು ರಚಿಸಿಕೊಟ್ಟರು. ೧೯೪೬ರಲ್ಲಿ ಮುಲ್ಕ್‌ರಾಜ್ ಆನಂದರು ಮುಂಬಯಿಯಲ್ಲಿ ಆರಂಭಿಸಿದ ಮಾರ್ಗ್ ಪತ್ರಿಕೆಯ ಮೊದಲ ಬಳಗದಲ್ಲಿ ಇವರೂ ಒಬ್ಬರು. ಸ್ವಾತಂತ್ರ್ಯ ಬಂದ ಮೇಲೆ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಗರಯೋಜನೆಯ ಭಾರ ಇವರ ಮೇಲೆ ಬಿದ್ದಿತು. ೧೯೪೮ರ ಏಪ್ರಿಲ್ ೧೩ರಂದು ಪಂಡಿತ ನೆಹರೂ ಅದಕ್ಕೆ ಶಿಲಾನ್ಯಾಸ ಮಾಡಿದರು. ಊರನ್ನು ನೆರೆಹೊರೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಶಾಲೆ, ಅಂಗಡಿಸಾಲು, ಆಟದ ಬಯಲು ಒದಗಿಸಿ, ಮಗುವು ಹೆದ್ದಾರಿ ದಾಟದೆ ಶಾಲೆಗೆ ನಡೆದುಹೋಗುವಂತೆ ಮಾಡುವುದು ಈ ಬಗೆಯ ಯೋಜನೆಯ ತಿರುಳು. ಒಂದು ಊರಿನ ಯೋಗ್ಯತೆಯನ್ನು ಅದರ ಮಹಾದ್ವಾರದಿಂದ ಅಳೆಯದೆ ಏಳು ವರ್ಷದ ಮಗುವಿನ ದಾರಿಯಿಂದ ಅಳೆಯುವ ಕ್ರಮವಿದು.

೧೯೪೮ರಲ್ಲಿ ಅವರು ಭಾರತ ಸರಕಾರದ ಗೃಹನಿರ್ಮಾಣದ ನಿರ್ದೇಶಕರಾಗಿ ದಿಲ್ಲಿಗೆ ಹೋದರು. ದೇಶ ಇಬ್ಭಾಗವಾಗಿ ಲಕ್ಷಾಂತರ ಕುಟುಂಬಗಳು ಗುಡಾರಗಳಲ್ಲಿ ಬಿದ್ದಿದ್ದ ದಿನಗಳು. ತಾವೇ ನೆಲೆ ಕಳೆದುಕೊಂಡಿದ್ದವರ ಪಾಲಿಗೆ ನೆಲೆ ಕಳೆದುಕೊಂಡವರಿಗೆ ಸೂರು ಕಟ್ಟುವ ಕೆಲಸ ಬಂದಿತು. ಫರೀದಾಬಾದ್, ಗಾಂಧಿಧಾಮ ಮೊದಲಾದ ನಿರಾಶ್ರಿತರ ಹೊಸ ಊರುಗಳ ಯೋಜನೆಯಲ್ಲಿ ಅವರ ಕೈಯಿತ್ತು. ಮನೆಗಳನ್ನು ಬೇಗ ಕಟ್ಟುವ ಆತುರದಲ್ಲಿ ದಿಲ್ಲಿಯಲ್ಲಿ ಒಂದು ಸರಕಾರಿ ಕಾರ್ಖಾನೆ ಏರ್ಪಟ್ಟಿತು. ಗೋಡೆ, ಚಾವಣಿಗಳನ್ನು ಹಗುರವಾದ ಕಾಂಕ್ರೀಟಿನ ಹಲಗೆಗಳಾಗಿ ಯಂತ್ರದಲ್ಲಿ ಎರಕಹೊಯ್ದು, ನಿವೇಶನಕ್ಕೆ ಸಾಗಿಸಿ ಜೋಡಿಸುವುದು ಉದ್ದೇಶ. ಯುರೋಪಿನ ಹೊಸ ಶಿಲ್ಪಿಗಳ ಬಹುದಿನದ ಕನಸು ಅದು: ಮೋಟಾರಿನಂತೆ ಮನೆಯೂ ಕಾರ್ಖಾನೆಯಿಂದ ಹೊರಬರಬೇಕು!

ಕನಸು ಕೈಗೂಡಲಿಲ್ಲ. ಹಲಗೆಗಳಲ್ಲಿ ದೋಷ ಕಂಡುಬಂದಿತು. ಎಣಿಸಿದಷ್ಟು ಮನೆಗಳು ಏಳಲಿಲ್ಲ. ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆಗಳಾದುವು. ೧೯೫೧ರಲ್ಲಿ ಕೋನಿಗ್ಸ್‌ಬರ್ಗರರು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿದರು. ಅವರ ಜೀವನಚರಿತ್ರೆ ಬರೆಯುವವರು ಈ ಸೋಲನ್ನು ಮರೆಮಾಚಬೇಕಾಗಿಲ್ಲ. ಸ್ಥಳವನ್ನು ಮರೆತರೆ ತತ್ತ್ವ ಕೆಡುತ್ತದೆಂದು ಮೈಸೂರಿನಲ್ಲಿ ಕಲಿತಿದ್ದವರೇ ದಿಲ್ಲಿಯ ಅವಸರದಲ್ಲಿ ಯಂತ್ರದ ಮೇಲೆ ಅತಿಯಾದ ಭರವಸೆಯಿಟ್ಟರು. ಕೈಗಳು ಹೇರಳವಾಗಿದ್ದು ಹಣ ವಿರಳವಾದ ದೇಶದಲ್ಲಿ ಯಂತ್ರವೇ ಮೊದಲ ಪರಿಹಾರವಲ್ಲವೆಂಬುದು ಅನುಭವದಿಂದ ಮನವರಿಕೆಯಾಯಿತು. ಬಿದ್ದ ಜಾಗದಿಂದಲೇ ಅವರು ಮತ್ತೆ ಎದ್ದರು.

ಹೇಗೆಂದರೆ, ೧೯೫೪-೫೫ರಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡದೊಡನೆ ಅವರು ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾ ದೇಶಕ್ಕೆ, ಹೋದರು. ಅಲ್ಲಿ ಹಳ್ಳಿಯವರು ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಿಕೊಳ್ಳಬಲ್ಲರು. ಅವರ ಕೈಮೀರಿದ್ದು ಚಾವಣಿಯ ಖರ್ಚು ಮಾತ್ರ. ಇಡೀ ಮನೆಯನ್ನು ಸರಕಾರವೇ ಕಟ್ಟಿಕೊಡುವುದಕ್ಕಿಂತ ಚಾವಣಿಗೆ ಮಾತ್ರ ಸಾಲ ಕೊಟ್ಟರೆ ಸಾಕೆಂದು ತಂಡವು ಸಲಹೆಮಾಡಿತು. ಸಣ್ಣ ಸಲಹೆ, ಆದರೆ ಅದರ ಹಿಂದೆ ದೊಡ್ಡ ಮನಃಪರಿವರ್ತನೆ ಅಡಗಿದೆ. ಬಡವನಿಗೆ ಮನೆ ಕೊಡಬೇಕೆಂಬ ಮಾತಿನಿಂದ, ಬಡವನು ಮನೆ ಕಟ್ಟುವಾಗ ಅವನಿಗೆ ಎಟುಕದ್ದನ್ನು ಎಟುಕಿಸಬೇಕೆಂಬ ಮಾತಿಗೆ ಅವರು ಬಂದು ನಿಂತಿದ್ದರು. ಸಮತೆಯ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕೆ?

ಲಂಡನ್ನಿನಲ್ಲಿ ೧೯೫೪ರಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಒಂದು ಶಿಕ್ಷಣ ವಿಭಾಗ ತೆರೆಯಿತು. ಮ್ಯಾಕ್ಸ್‌ವೆಲ್ ಫ್ರೈ ಅವರ ಬಳಿಕ ಕೋನಿಗ್ಸ್‌ಬರ್ಗರರು ಅದರ ಮುಖ್ಯಸ್ಥರಾದರು. ಏಷ್ಯ, ಆಫ್ರಿಕ ಖಂಡಗಳ ತರುಣ ಶಿಲ್ಪಿಗಳು ತಮ್ಮ ತಮ್ಮ ಊರಿನ ಬಿಸಿಲನ್ನು ಅರಿಯಲು ಲಂಡನ್ನಿನ ಮಂಜಿನಲ್ಲಿ ಅವರ ಬಳಿ ಕಲಿತರೆಂಬುದು ಒಂದು ಸೋಜಿಗ. ಅದೇ ವಿಭಾಗ ೧೯೭೧ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿ ಅಭಿವೃದ್ಧಿ ಯೋಜನೆಯ ಅಧ್ಯಯನ ಕೇಂದ್ರವಾಯಿತು. ನಡುವೆ ೧೯೬೩ರಲ್ಲಿ ಸಿಂಗಾಪುರದ ಬೆಳವಣಿಗೆಗೆ ಸಲಹೆ ಕೊಟ್ಟ ವಿಶ್ವಸಂಸ್ಥೆಯ ಮೂವರಲ್ಲಿ ಅವರೊಬ್ಬರು. ೧೯೭೦ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಬರೆದ ಉಷ್ಣವಲಯದ ಗೃಹನಿರ್ಮಾಣದ ಕೈಪಿಡಿ ಭಾರತದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಸುಪರಿಚಿತ. ಸೆಕೆಯ ನಾಡಿನಲ್ಲಿಯೂ ಬಗೆಗಳುಂಟೆಂದು ಅದು ವಿಂಗಡಿಸಿ ತೋರಿಸುತ್ತದೆ. ಕರಾವಳಿಯಂತೆ ತೇವದ ಸೆಕೆಯಿರುವಲ್ಲಿ ಹಗುರವಾದ ಗೋಡೆ, ಹಗಲಿರುಳೂ ಗಾಳಿಯ ಹಾದಿ. ಒಣ ಸೆಕೆಯಿರುವಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಒಳ ಅಂಗಳ, ಹಗಲು ಮುಚ್ಚಿ ಇರುಳು ತೆರೆಯುವ ಕ್ರಮ. ನೆರೆಮನೆಯ ಮರಾಠಿ ಅಜ್ಜಿಯ ಬುದ್ಧಿವಾದವೇ ಅಲ್ಲಿ ಶಾಸ್ತ್ರವಾಗಿ ಕುಳಿತಿದೆ. ೧೯೯೯ರ ಜನವರಿ ೩ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಡಾ. ಕೋನಿಗ್ಸ್‌ಬರ್ಗರರು ಲಂಡನ್ನಿನಲ್ಲಿ ನಿಧನರಾದರು.

ಅವರು ಭಾರತ ಬಿಟ್ಟ ೧೯೫೧ನೆಯ ವರ್ಷವೇ ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಶಿಲಾನ್ಯಾಸವಾಯಿತು. ಕೆಂಗಲ್ ಹನುಮಂತಯ್ಯನವರ ಉತ್ಸಾಹದಲ್ಲಿ ೧೯೫೬ರ ವೇಳೆಗೆ ಅದು ಕಣಶಿಲೆಯ ಕಂಬಗಳನ್ನೂ ಗುಮ್ಮಟವನ್ನೂ ಹೊತ್ತು ಎದ್ದು ನಿಂತಿತು. ಕೋನಿಗ್ಸ್‌ಬರ್ಗರರ ಸರಳ ಮಾರ್ಗಕ್ಕೆ ತೀರ ಎದುರಾದ ದಾರಿಯದು. ಹಾಗೆಂದು ನಾವು ಅದನ್ನು ಹಳಿಯಬೇಕಾಗಿಲ್ಲ. ದೂರದ ಊರಿನಲ್ಲಿರುವ ಕನ್ನಡಿಗನು ಅದರ ಚಿತ್ರ ಕಂಡರೆ ಎದೆಯುಬ್ಬಿಸುತ್ತಾನೆ. ನಾಡಿಗೆ ಹೆಮ್ಮೆಯ ಗುರುತೊಂದು ಬೇಕು, ನಿಜ. ಆದರೆ ಗುರುತಿನ ಕಟ್ಟಡ ಊರಿಗೆ ಒಂದಾದರೆ ಸಾಕು; ಬಾಳುವ ಮನೆಗಳು ಸಾವಿರಾರು ಬೇಕು. ಆ ಸಾವಿರಾರು ಮನೆಗಳ ಚಿಂತೆಯನ್ನು ಹೊತ್ತವರು ಕೋನಿಗ್ಸ್‌ಬರ್ಗರರು.

ನಾಗಪುರದಲ್ಲಿ ನೆಲೆಸಿರುವ ನಮಗೆ ಈ ಜೀವನ ಬರಿಯ ಕಥೆಯಲ್ಲ. ನಮ್ಮಲ್ಲಿ ಅನೇಕರು ಇಲ್ಲಿ ಸ್ವಂತ ಮನೆ ಕಟ್ಟಿಸಿದ್ದೇವೆ. ಇನ್ನು ಕೆಲವರು ಕಟ್ಟಿಸಲಿದ್ದೇವೆ. ಊರಿನ ನೆನಪಿಗೆಂದು ದೊಡ್ಡ ಕಿಟಕಿ ಇಡಿಸುವುದೋ, ಪೇಟೆಯ ಬೆಡಗಿಗೆಂದು ಪಡುವಣ ಗೋಡೆಗೆ ಗಾಜು ಹಾಕಿಸುವುದೋ ಎಂದು ಯೋಚಿಸುವ ಮೊದಲು, ಮಹಾಲ್ ಭಾಗದ ಹಳೆಯ ವಾಡೆಗಳನ್ನು ಒಮ್ಮೆ ನೋಡಿಬರುವುದು ಒಳ್ಳೆಯದು. ಭೋಸಲೆಯವರ ಕಾಲದ ಆ ದಪ್ಪ ಗೋಡೆಗಳಿಗೂ ನಡು ಅಂಗಳಕ್ಕೂ ನಮ್ಮ ತೊಟ್ಟಿಮನೆಗೂ ಇರುವ ನಂಟು ಅಲ್ಲಿ ತಾನಾಗಿಯೇ ಕಾಣುತ್ತದೆ. ಬಂದ ನಾಡಿನ ನೆಲಕ್ಕೆ ತಕ್ಕಂತೆ ಕಟ್ಟುವುದರಿಂದ ಬಿಟ್ಟು ಬಂದ ನಾಡಿಗೆ ಎರವಾದಂತಾಗುವುದಿಲ್ಲ. ಬರ್ಲಿನ್ನಿನವರೊಬ್ಬರು ಮೈಸೂರಿನ ಬಿಸಿಲಿನಲ್ಲಿ ಕಲಿತ ಪಾಠವದು. ಮನೆ ಕಟ್ಟುವವರಿಗೆ ಅದು ಎಷ್ಟು ಅನ್ವಯಿಸುತ್ತದೆಯೋ ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೂ ಅಷ್ಟೇ ಅನ್ವಯಿಸುತ್ತದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ತಾತಾ ಇನ್‌ಸ್ಟಿಟ್ಯೂಟಿನ ಕಡೆ ಹೋಗುವ ಅವಕಾಶ ದೊರೆತರೆ, ಆ ಕಟ್ಟಡಗಳ ಮೊಗಸಾಲೆಯ ನೆರಳಿನಲ್ಲಿ ಒಂದು ಗಳಿಗೆ ನಿಂತು ಈ ಮಹನೀಯರನ್ನು ನೆನೆಯೋಣ.